ಎಣ್ಣೆ ಹಚ್ಚುವ ನಾಡಿನಲ್ಲಿ ಎಣ್ಣೆಮುಖ

ಹೆಣ್ಣು ನೋಡಿ ಬಂದವರನ್ನು ‘ಬಣ್ಣ ಹೆಂಗೈತೆ?’ ಎಂದು ಕೇಳಿದರೆ ನಮ್ಮ ಕಡೆ ಬರುತ್ತಿದ್ದ ಉತ್ತರಗಳಲ್ಲಿ ‘ಎಣ್ಣೆಗೆಂಪು’ ಒಂದು, ‘ಎಣ್ಣೆಗಪ್ಪು’ ಇನ್ನೊಂದು. ಎರಡರಲ್ಲೂ ಎಣ್ಣೆ ಇದೆ. ಬರೀ ಕಪ್ಪು ಅಂದರೆ ಕೇಳಿದವರ ಮುಖ ಸಪ್ಪಗಾಗುತ್ತಿತ್ತು, ಎಣ್ಣೆಗಪ್ಪು ಅಂದರೆ ಮಾತು ಮುಂದುವರಿಯುತ್ತಿತ್ತು. ಚರ್ಮಕ್ಕೆ ಒಂದು ಮಿರುಗು ಇದೆ, ಆರೋಗ್ಯ ಇದೆ, ಮನೆಯಲ್ಲಿ ಹಚ್ಚಿಕೊಳ್ಳುವಷ್ಟು ಎಣ್ಣೆ ಇದೆ ಎಂಬ ಮೂರೂ ಸುದ್ದಿ ಆ ಒಂದು ಪದದಲ್ಲಿ ತಲುಪುತ್ತಿದ್ದವು. ಹಾಗೆಯೇ, ಸೊರಗಿದ ಮಕ್ಕಳನ್ನು ಕಂಡರೆ ‘ಮೈಗೆ ಎಣ್ಣೆ ಕಾಣಿಸಿ ಎಷ್ಟು ದಿನ ಆಯ್ತೋ’ ಎಂದು ಹಿರಿಯರು ಮರುಗುತ್ತಿದ್ದರು.

ಇಂಥ ನುಡಿ ಇರುವ ಊರಿನಲ್ಲಿ ಹದಿನೇಳು ವರ್ಷದ ಹುಡುಗಿಯೊಬ್ಬಳು ಕನ್ನಡಿ ಮುಂದೆ ನಿಂತು ‘ಅತ್ತೆ, ನಂದು ಆಯ್ಲಿ ಸ್ಕಿನ್ನು, ಏನ್ ಮಾಡಿದ್ರೂ ಹೋಗಲ್ಲ’ ಎಂದು ಅಳುವ ಮಟ್ಟಕ್ಕೆ ನಾವು ಹೇಗೆ ಬಂದೆವು ಎಂಬುದು ನನಗೆ ಒಂದೂವರೆ ವರ್ಷದಿಂದ ಕಾಡುತ್ತಿರುವ ಪ್ರಶ್ನೆ. ಆ ಹುಡುಗಿ ನನ್ನ ಅಣ್ಣನ ಮಗಳು. ಊರು ಹೊಂಗನೂರು. ಚನ್ನಪಟ್ಟಣ ತಾಲ್ಲೂಕು. ಅವಳ ಕತೆ ಆಮೇಲೆ ಹೇಳುತ್ತೇನೆ. ಮೊದಲು ಎಣ್ಣೆಯ ಕತೆ ಆಗಬೇಕು.

ಹೊಂಗನೂರು ಎಂದಾಗ ಕಿವಿಗೆ ಹೊಂಗೆ ಮರ ಕೇಳಿಸುತ್ತದೆ. ಊರಿಗೆ ಹೆಸರು ಬಂದದ್ದು ಆ ಮರದಿಂದಲೇ ಎಂದು ನಾನು ವಾದಿಸಲು ಹೋಗುವುದಿಲ್ಲ, ಆದರೆ ಹೊಂಗೆ ನಮ್ಮ ಬಯಲುಸೀಮೆಯ ಹಳೆಯ ಎಣ್ಣೆಮರ ಎನ್ನುವುದರಲ್ಲಿ ಅನುಮಾನವಿಲ್ಲ. ಹೊಂಗೆಕಾಯಿ ಬಡಿದು, ಬೀಜ ಬಿಡಿಸಿ, ಗಾಣಕ್ಕೆ ಹಾಕಿಸಿ ತಂದ ಎಣ್ಣೆ ಕಹಿ, ತಿನ್ನಲು ಬರುವುದಿಲ್ಲ. ದೀಪಕ್ಕೆ, ದನದ ಹುಣ್ಣಿಗೆ, ಮಕ್ಕಳ ಕಜ್ಜಿಗೆ, ಕೊನೆಗೆ ಬಟ್ಟೆ ಸೋಪಿಗೂ ಅದು ಆಗುತ್ತಿತ್ತು. ತಲೆಗೆ ಕೊಬ್ಬರಿ ಎಣ್ಣೆ ಅಥವಾ ಹರಳೆಣ್ಣೆ, ಅಡುಗೆಗೆ ಹುಚ್ಚೆಳ್ಳೆಣ್ಣೆ, ಕಡಲೆಕಾಯಿ ಎಣ್ಣೆ. ಟಿಪ್ಪು ಸತ್ತ ಮರುವರ್ಷ, 1800ರಲ್ಲಿ, ಈಸ್ಟ್ ಇಂಡಿಯಾ ಕಂಪನಿಯ ಪರವಾಗಿ ಮೈಸೂರು ಸೀಮೆ ಸುತ್ತಿದ ಫ್ರಾನ್ಸಿಸ್ ಬುಕಾನನ್ ಗಾಣದವರ ಬಗ್ಗೆ, ಅವರು ತೆಗೆಯುವ ಬಗೆಬಗೆಯ ಎಣ್ಣೆಗಳ ಬಗ್ಗೆ ಬರೆದಿಟ್ಟಿದ್ದಾನೆ. ಚನ್ನಪಟ್ಟಣಕ್ಕೂ ಬಂದಿದ್ದ. ಅಲ್ಲಿ ಅವನ ಕಣ್ಣಿಗೆ ಬಿದ್ದದ್ದು ಗಾಜಿನ ಬಳೆ, ವಾದ್ಯಗಳಿಗೆ ಕಟ್ಟುವ ಉಕ್ಕಿನ ತಂತಿ, ಸಕ್ಕರೆ. ಹೆಂಗಸರು ಬಚ್ಚಲಲ್ಲಿ ಏನು ತಿಕ್ಕಿಕೊಳ್ಳುತ್ತಿದ್ದರು ಎಂಬುದು ಅಂಥ ಪ್ರವಾಸಿಗಳ ಕಣ್ಣಿಗೆ ಬೀಳುವ ವಿಷಯವಲ್ಲವಲ್ಲ. ಅದಕ್ಕೆ ಅಜ್ಜಿಯರೇ ಗತಿ.

ನಮ್ಮಜ್ಜಿಯ ಕಾಲದ ಕ್ರಮ ಹೀಗಿತ್ತು. ವಾರಕ್ಕೊಮ್ಮೆ ಎಣ್ಣೆನೀರು. ಬೇಸಾಯದ ಮನೆಗಳಲ್ಲಿ ಅದೂ ಕಷ್ಟ, ಹಬ್ಬ ಹುಣ್ಣಿಮೆ ನೋಡಿಕೊಂಡು ಆಗುತ್ತಿತ್ತು. ದೀಪಾವಳಿಗೆ ಮಾತ್ರ ತಪ್ಪುತ್ತಿರಲಿಲ್ಲ. ಹಿಂದಿನ ರಾತ್ರಿ ಹಂಡೆ ತೊಳೆದು, ನೀರು ತುಂಬಿ, ಬೆಳಗಿನ ಜಾವ ಒಲೆ ಉರಿಹಾಕಿ, ಮಕ್ಕಳನ್ನು ಸಾಲಾಗಿ ಕೂರಿಸಿ ನೆತ್ತಿಗೆ ಎಣ್ಣೆ ತಟ್ಟುವುದು. ಎಣ್ಣೆ ಎಳೆಯಲು ಎರಡು ಪುಡಿ: ಒಂದು ಸೀಗೆ, ಇನ್ನೊಂದು ಚಿಗರೆ. ಸೀಗೆಕಾಯಿ ಎಲ್ಲರಿಗೂ ಗೊತ್ತು. ಚಿಗರೆ ನಮ್ಮ ಕಡೆಯ ಕುರುಚಲು ಕಾಡಿನ ಮರ, ಕೆಲವರು ಸುಜ್ಜಲು ಅನ್ನುತ್ತಾರೆ. ಅದರ ಎಲೆ ಒಣಗಿಸಿ ಕುಟ್ಟಿದರೆ ಹಸಿರು ಪುಡಿ. ನೊರೆ ಅಷ್ಟಕ್ಕಷ್ಟೆ, ಆದರೆ ಕೂದಲಿನ ಜಿಡ್ಡು ಬಿಡಿಸಿ ತಲೆ ತಂಪಾಗಿಸುತ್ತದೆ. ಮೈಗೆ ಕಡಲೆಹಿಟ್ಟು ಎನ್ನುವುದು ಉಳ್ಳವರ ಮಾತು. ತಿನ್ನುವ ಹಿಟ್ಟನ್ನು ಬಚ್ಚಲಿಗೆ ಸುರಿಯುವುದನ್ನು ನಮ್ಮಜ್ಜಿ ಕೊನೆವರೆಗೂ ಒಪ್ಪಲಿಲ್ಲ. ಬಾಣಂತಿಗೂ ಕೂಸಿಗೂ ಮಾತ್ರ ವಿನಾಯಿತಿ.

ಈ ಕ್ರಮದಲ್ಲಿ ಗಮನಿಸಬೇಕಾದ್ದು ಒಂದಿದೆ. ಸೀಗೆಗೂ ಅಂಟುವಾಳಕ್ಕೂ ಚಿಗರೆಗೂ ಜಿಡ್ಡು ಎಳೆಯುವ ಗುಣ ಬರುವುದು ಸಪೋನಿನ್ ಎಂಬ ವಸ್ತುವಿನಿಂದ. ಅದರ ಅಣುವಿಗೆ ಒಂದು ಕಡೆ ನೀರಿನ ನಂಟು, ಇನ್ನೊಂದು ಕಡೆ ಎಣ್ಣೆಯ ನಂಟು. ಹಾಗಾಗಿ ಎಣ್ಣೆಯನ್ನು ಹಿಡಿದುಕೊಂಡು ನೀರಿನ ಜೊತೆ ಹೊರಟುಹೋಗುತ್ತದೆ. ಆದರೆ ಈ ಪುಡಿಗಳನ್ನು ಬರಿ ಮೈಗೆ, ದಿನದಿನವೂ, ಯಾರೂ ತಿಕ್ಕುತ್ತಿರಲಿಲ್ಲ. ಮೊದಲು ಎಣ್ಣೆ ಹಚ್ಚಬೇಕು, ಅದು ಅಷ್ಟಿಷ್ಟು ಇಂಗಬೇಕು, ಆಮೇಲೆ ಪುಡಿ. ಪುಡಿ ಎಳೆಯುತ್ತಿದ್ದುದು ಹೆಚ್ಚಾಗಿ ಹಚ್ಚಿದ ಎಣ್ಣೆಯನ್ನು. ಮೈಯೊಳಗಿನಿಂದ ಬಂದ ಜಿಡ್ಡಿನ ಮೇಲೆ ಅದರ ಕೈ ಹೆಚ್ಚು ಓಡುತ್ತಿರಲಿಲ್ಲ. ಉಳಿದ ದಿನ ಕೈಕಾಲು ಮುಖಕ್ಕೆ ಬರೀ ನೀರು.

ಗ್ರಂಥಗಳೂ ಇದನ್ನೇ ಹೇಳುತ್ತವೆ, ಒಂದು ವ್ಯತ್ಯಾಸದೊಂದಿಗೆ. ವಾಗ್ಭಟನ ಅಷ್ಟಾಂಗಹೃದಯದಲ್ಲಿ ದಿನಚರಿಯ ಅಧ್ಯಾಯವಿದೆ. ದಿನವೂ ಅಭ್ಯಂಜನ ಮಾಡಿಕೊಳ್ಳಿ ಎಂದು ಹೇಳುವ ಅವನೇ ಕಫ ಹೆಚ್ಚಾದವರು, ಅಜೀರ್ಣವಿರುವವರು ಮಾಡಿಕೊಳ್ಳಬಾರದು ಎಂದೂ ಹೇಳುತ್ತಾನೆ. ಕಫಕ್ಕೂ ಮೇದಸ್ಸಿಗೂ ಒಣ ಪುಡಿಯಿಂದ ಉಜ್ಜಿಕೊಳ್ಳುವುದು ಒಳ್ಳೆಯದು ಎನ್ನುತ್ತಾನೆ. ಅಂದರೆ ಎಲ್ಲ ಮೈಗೂ ಒಂದೇ ಎಣ್ಣೆ ಅಲ್ಲ ಎಂಬ ತಿಳಿವಳಿಕೆ ಹಳೆಯದೇ. ಸುಶ್ರುತ ಇನ್ನೂ ಹತ್ತಿರ ಬರುತ್ತಾನೆ. ಹರೆಯದವರ ಮುಖದಲ್ಲಿ ಏಳುವ ಗುಳ್ಳೆಗಳಿಗೆ ಮುಖದೂಷಿಕೆ ಎಂದು ಹೆಸರು ಕೊಟ್ಟು, ಅವು ಬೂರುಗದ ಮರದ ಮುಳ್ಳಿನ ಹಾಗೆ ಇರುತ್ತವೆ ಎಂದು ಹೋಲಿಸುತ್ತಾನೆ. ಬೂರುಗದ ಕಾಂಡವನ್ನು ನೋಡಿದವರಿಗೆ ಈ ಹೋಲಿಕೆ ಬಿಡಿಸಿ ಹೇಳಬೇಕಾಗಿಲ್ಲ. ಅವನು ಅದನ್ನು ಸೇರಿಸುವುದು ಕ್ಷುದ್ರರೋಗಗಳ ಪಟ್ಟಿಗೆ, ಎಂದರೆ ಸಣ್ಣಪುಟ್ಟ ಕಾಯಿಲೆಗಳ ಸಾಲಿಗೆ. ನನಗೆ ಈ ವರ್ಗೀಕರಣ ಬಹಳ ಹಿಡಿಸಿತು. ಕನ್ನಡದಲ್ಲಿ, ಸುಮಾರು 1025ರಲ್ಲಿ ಎರಡನೆಯ ಚಾವುಂಡರಾಯ ಬರೆದ ‘ಲೋಕೋಪಕಾರ’ದಲ್ಲಿ ಕೃಷಿ, ಅಡುಗೆ, ಪಶುವೈದ್ಯದ ಜೊತೆಗೆ ಸುಗಂಧ ದ್ರವ್ಯಗಳ ತಯಾರಿಕೆಗೂ ಜಾಗವಿದೆ. ನೂರು ವರ್ಷ ಬಿಟ್ಟು ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನ ‘ಮಾನಸೋಲ್ಲಾಸ’ ಬಂತು. ಅದರಲ್ಲಿ ರಾಜನ ಸ್ನಾನವೇ ಒಂದು ಭೋಗ: ಪರಿಮಳದ ಎಣ್ಣೆ ತಿಕ್ಕಿಸಿಕೊಳ್ಳುವುದು, ಆಮೇಲೆ ಅದನ್ನು ತೆಗೆಯುವುದು, ಆಮೇಲೆ ಲೇಪನ. ಅಲ್ಲೂ ಅದೇ ಜೋಡಿ. ಹಚ್ಚುವುದು, ತೆಗೆಯುವುದು.

ಈ ಜೋಡಿ ಒಡೆದದ್ದು ಸೋಪು ಬಂದ ಮೇಲೆ.

ಸೋಪಿನ ಚರಿತ್ರೆಯಲ್ಲಿ ಮೈಸೂರಿಗೆ ಒಂದು ಹೆಮ್ಮೆಯ ಅಧ್ಯಾಯವಿದೆ, ಅದನ್ನು ಹೇಳದೆ ಮುಂದೆ ಹೋಗಲಾರೆ. ಮೈಸೂರು ಸೀಮೆಯ ಶ್ರೀಗಂಧ ಹೆಚ್ಚಾಗಿ ಯೂರೋಪಿಗೆ, ಅದರಲ್ಲೂ ಜರ್ಮನಿಗೆ ಹೋಗುತ್ತಿತ್ತು. ಮೊದಲ ಮಹಾಯುದ್ಧ ಶುರುವಾಗಿ ದಾರಿ ಮುಚ್ಚಿದಾಗ ಕೊರಡು ಇಲ್ಲೇ ರಾಶಿಬಿತ್ತು. ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆ, ದಿವಾನರು ವಿಶ್ವೇಶ್ವರಯ್ಯ. ಮರ ಮಾರುವ ಬದಲು ಎಣ್ಣೆಯನ್ನೇ ಇಲ್ಲಿ ತೆಗೆಯೋಣ ಎಂದು ಬೆಂಗಳೂರಿನ ಟಾಟಾ ಇನ್‌ಸ್ಟಿಟ್ಯೂಟಿನ ರಸಾಯನಶಾಸ್ತ್ರಜ್ಞರ ನೆರವಿನಿಂದ 1916ರಲ್ಲಿ ಕೆಲಸ ಆರಂಭವಾಯಿತು. ಸೋಪಿನ ವಿದ್ಯೆ ಕಲಿಯಲು ಸೋಸಲೆ ಗರಳಪುರಿ ಶಾಸ್ತ್ರಿಗಳನ್ನು ಇಂಗ್ಲೆಂಡಿಗೆ ಕಳುಹಿಸಿದರು. ಬಂದ ಮೇಲೆ ಅವರು ಊರಿಗೆಲ್ಲ ‘ಸೋಪ್ ಶಾಸ್ತ್ರಿ’ ಆದರು. 1918ರಲ್ಲಿ ಮೈಸೂರು ಸ್ಯಾಂಡಲ್ ಸೋಪು ಹೊರಗೆ ಬಂತು. ಒಡವೆ ಪೆಟ್ಟಿಗೆಯಂಥ ಡಬ್ಬಿ, ಆನೆಯ ತಲೆ ಸಿಂಹದ ಮೈಯ ಶರಭದ ಗುರುತು. ನಮ್ಮ ಮನೆಯಲ್ಲಿ ಅದು ಟ್ರಂಕಿನಲ್ಲಿ ಸೀರೆಗಳ ನಡುವೆ ಇರುತ್ತಿತ್ತು, ನೆಂಟರು ಬಂದಾಗ ಮಾತ್ರ ಬಚ್ಚಲಿಗೆ ಇಳಿಯುತ್ತಿತ್ತು.

ಅಂದರೆ ಸೋಪು ದುಬಾರಿಯಾಗಿದ್ದಷ್ಟು ಕಾಲ ಚರ್ಮ ಬಚಾವಾಗಿತ್ತು. ಆಮೇಲೆ ಅಗ್ಗದ ಸೋಪು ಬಂತು, ದಿನವೂ ಮೈಗೆ, ದಿನಕ್ಕೆ ಎರಡು ಮೂರು ಸಲ ಮುಖಕ್ಕೆ. ಎಣ್ಣೆ ಹಚ್ಚುವುದು ಹಬ್ಬಕ್ಕೆ ಸರಿದು, ಎಣ್ಣೆ ತೆಗೆಯುವುದು ಮಾತ್ರ ನಿತ್ಯಕರ್ಮವಾಯಿತು. ಸೋಪು ಎಂದರೆ ಕೊಬ್ಬು ಅಥವಾ ಎಣ್ಣೆಗೆ ಕ್ಷಾರ ಸೇರಿಸಿ ಮಾಡಿದ ವಸ್ತು. ಅದರ ನೊರೆಯೂ ಕ್ಷಾರವೇ, ಪಿಎಚ್ 9ರಿಂದ 10ರ ಸುಮಾರು. ನಮ್ಮ ಚರ್ಮದ ಮೇಲ್ಪದರ ತುಸು ಹುಳಿ, 5ರ ಆಸುಪಾಸು. 1928ರಲ್ಲಿ ಜರ್ಮನಿಯ ಶಾಡೆ ಮತ್ತು ಮಾರ್ಕಿಯೋನಿನಿ ಎಂಬ ವೈದ್ಯರು ಈ ಹುಳಿಯ ಪದರಕ್ಕೆ ‘ಆಮ್ಲದ ಹೊದಿಕೆ’ ಎಂಬರ್ಥದ ಹೆಸರು ಕೊಟ್ಟರು. ಬೆವರು, ಜಿಡ್ಡು, ಸತ್ತ ಜೀವಕೋಶಗಳು ಸೇರಿ ಆಗುವ ಆ ಹೊದಿಕೆ ಸೋಪಿನಿಂದ ಕದಡುತ್ತದೆ, ಮತ್ತೆ ಸರಿಹೋಗಲು ಗಂಟೆಗಳು ಬೇಕು. ಸೀಗೆಯ ನೀರು ಹುಳಿಯ ಕಡೆಗೇ ಇರುತ್ತದೆ ಎಂಬುದನ್ನು ಇದರ ಪಕ್ಕದಲ್ಲಿಟ್ಟು ನೋಡಬಹುದು.

ಇನ್ನೊಂದು ವಿಷಯವನ್ನು ಚರ್ಮದ ಪುಸ್ತಕಗಳಿಗಿಂತ ನಮ್ಮ ಕೊಳಾಯಿಗಳೇ ಚೆನ್ನಾಗಿ ಹೇಳುತ್ತವೆ. ಕೆರೆ, ಸೇದುವ ಬಾವಿಗಳ ಕಾಲ ಮುಗಿದು ಬೋರ್‌ವೆಲ್ ಬಂದಿದೆ. ಕಲ್ಲುಬಂಡೆಯ ಆಳದಿಂದ ಬರುವ ಗಡಸು ನೀರು. ಪಾತ್ರೆಗೆ ಬಿಳಿ ಕಟ್ಟುವ ಸುಣ್ಣವೇ ಸೋಪಿನ ಜೊತೆ ಸೇರಿ, ಕರಗದ ಒಂದು ಅಂಟಾಗುತ್ತದೆ. ಎಷ್ಟು ತೊಳೆದರೂ ಮುಖ ಜಿಡ್ಡುಜಿಡ್ಡು ಎನ್ನುವವರು ಅರ್ಧ ಮಟ್ಟಿಗೆ ಈ ಅಂಟನ್ನೇ ತಮ್ಮ ಜಿಡ್ಡು ಎಂದುಕೊಂಡು ಇನ್ನಷ್ಟು ಸೋಪು ಹಾಕುತ್ತಿರುತ್ತಾರೆ.

ಚರ್ಮವನ್ನು ಎಣ್ಣೆ, ಒಣ, ಸಾಮಾನ್ಯ ಎಂದು ಮೂರು ಪಾಲು ಮಾಡಿ ಡಬ್ಬಿಗಳ ಮೇಲೆ ಬರೆಯುವ ರೂಢಿ ಇಪ್ಪತ್ತನೆಯ ಶತಮಾನದ ಮೊದಲ ಭಾಗದ್ದು. ಪೋಲೆಂಡಿನಿಂದ ಹೊರಟು ಆಸ್ಟ್ರೇಲಿಯಾ, ಲಂಡನ್, ನ್ಯೂಯಾರ್ಕ್‌ಗಳಲ್ಲಿ ಕ್ರೀಮು ಮಾರಿ ದೊಡ್ಡ ಶ್ರೀಮಂತೆಯಾದ ಹೆಲೆನಾ ರುಬಿನ್‌ಸ್ಟೈನ್ ಹೆಸರನ್ನು ಅದಕ್ಕೆ ಕಟ್ಟುವುದುಂಟು. ವೈದ್ಯರು ಮಾಡಿದ್ದಕ್ಕಿಂತ ಅಂಗಡಿಯವರು ಬೆಳೆಸಿದ ವಿಂಗಡಣೆ ಇದು. ನಮ್ಮಲ್ಲಿ ಸೋಪಿಗೂ ಸಿನಿಮಾ ತಾರೆಯ ಮುಖಕ್ಕೂ ಗಂಟುಬಿದ್ದದ್ದು 1941ರಲ್ಲಿ, ಲೀಲಾ ಚಿಟ್ನಿಸ್ ಲಕ್ಸ್ ಜಾಹೀರಾತಿನಲ್ಲಿ ಕಾಣಿಸಿಕೊಂಡಾಗ. ಆಕೆ ಹುಟ್ಟಿದ್ದು ನಮ್ಮ ಧಾರವಾಡದಲ್ಲಿ! ಆಮೇಲಿನದು ಎಲ್ಲರಿಗೂ ಗೊತ್ತಿರುವ ಕತೆ. 1980ರ ದಶಕದಲ್ಲಿ ತಮಿಳುನಾಡಿನ ಕಡಲೂರಿನ ಕಡೆಯಿಂದ ಶಾಂಪೂ ಚೀಟಿಗಳು ಬಂದವು. ಹಳ್ಳಿಯ ಪೆಟ್ಟಿಗೆ ಅಂಗಡಿಯಲ್ಲಿ ತೋರಣದಂತೆ ನೇತಾಡುವ ಆ ಚೀಟಿಗಳ ಎದುರು ಚಿಗರೆಪುಡಿ ನಿಲ್ಲಲಿಲ್ಲ.

ಹಾಗಾದರೆ ಮೈಯೊಳಗಿನಿಂದ ಬರುವ ಆ ಎಣ್ಣೆ ಏನು? ವೈದ್ಯರು ಅದನ್ನು ಸೀಬಮ್ ಎನ್ನುತ್ತಾರೆ. ಲ್ಯಾಟಿನ್ನಿನಲ್ಲಿ ಕೊಬ್ಬು ಎಂದರ್ಥ. ಕೂದಲ ಬುಡಕ್ಕೆ ಅಂಟಿಕೊಂಡಿರುವ ಸಣ್ಣ ಗ್ರಂಥಿಗಳಲ್ಲಿ ಜೀವಕೋಶಗಳು ಕೊಬ್ಬು ತುಂಬಿಕೊಂಡು ಉಬ್ಬಿ, ಕೊನೆಗೆ ತಾವೇ ಒಡೆದು ಜಿಡ್ಡಾಗುತ್ತವೆ. ಹಣೆ, ಮೂಗು, ಗಲ್ಲ, ನೆತ್ತಿ, ಎದೆ, ಬೆನ್ನುಗಳಲ್ಲಿ ಹೆಚ್ಚು. ಅಂಗೈ ಅಂಗಾಲುಗಳಲ್ಲಿ ಇಲ್ಲವೇ ಇಲ್ಲ. ತಾಯ ಹೊಟ್ಟೆಯಲ್ಲೇ ಈ ಗ್ರಂಥಿಗಳು ಕೆಲಸ ಶುರುಮಾಡಿರುತ್ತವೆ. ಹುಟ್ಟಿದ ಕೂಸಿನ ಮೈಮೇಲೆ ಬೆಣ್ಣೆ ಮೆತ್ತಿದಂತೆ ಇರುವ ಬಿಳಿ ಪದರದಲ್ಲಿ ಇದರ ಪಾಲಿದೆ. ನಮ್ಮ ಸೂಲಗಿತ್ತಿಯರು ಅದನ್ನು ಉಜ್ಜಿ ತೆಗೆಯುತ್ತಿದ್ದರು, ಈಗ ವಿಶ್ವ ಆರೋಗ್ಯ ಸಂಸ್ಥೆ ಮೊದಲ ಸ್ನಾನವನ್ನು 24 ಗಂಟೆ ತಡಮಾಡಿ ಎನ್ನುತ್ತದೆ. ಎಳವೆಯಲ್ಲಿ ತಣ್ಣಗಿದ್ದ ಗ್ರಂಥಿಗಳು ಹರೆಯ ಬಂದಾಗ ಮತ್ತೆ ಏಳುತ್ತವೆ. ಎಬ್ಬಿಸುವುದು ಗಂಡು ಹಾರ್ಮೋನು, ಅದು ಹೆಣ್ಣುಮಕ್ಕಳ ಮೈಯಲ್ಲೂ ಅಷ್ಟಿಷ್ಟು ಇರುತ್ತದೆ. ವೃಷಣಗಳು ಬೆಳೆಯದ ಅಥವಾ ಇಲ್ಲದ ಗಂಡಸರಿಗೆ ಮೊಡವೆ ಬರುವುದಿಲ್ಲ, ಹಾರ್ಮೋನು ಕೊಟ್ಟರೆ ಬರುತ್ತದೆ ಎಂದು ಅಮೆರಿಕದ ಜೇಮ್ಸ್ ಹ್ಯಾಮಿಲ್ಟನ್ 1941ರಲ್ಲಿ ತೋರಿಸಿದ. ಲೀಲಾ ಚಿಟ್ನಿಸ್ ಜಾಹೀರಾತಿನ ವರ್ಷವೇ. ಒಂದು ಕಡೆ ಮುಖದ ಜಿಡ್ಡು ಒಳಗಿನ ಹಾರ್ಮೋನಿನ ವ್ಯವಹಾರ ಎಂದು ಗೊತ್ತಾಗುತ್ತಿತ್ತು, ಇನ್ನೊಂದು ಕಡೆ ಸೋಪಿನ ಜಾಹೀರಾತು ಮನೆಮನೆಗೆ ಬರುತ್ತಿತ್ತು.

‘ಹೆಚ್ಚು ತೊಳೆದರೆ ಚರ್ಮ ಇನ್ನೂ ಹೆಚ್ಚು ಎಣ್ಣೆ ಬಿಡುತ್ತದೆ’ ಎಂದು ಈಗ ಎಲ್ಲರೂ ಹೇಳುತ್ತಾರೆ. ಆದರೆ ಅಮೆರಿಕದ ಆಲ್ಬರ್ಟ್ ಕ್ಲಿಗ್‌ಮನ್ ಮತ್ತು ಶೆಲ್ಲಿ 1958ರಷ್ಟು ಹಿಂದೆಯೇ ಇದನ್ನು ಪರೀಕ್ಷಿಸಿ, ಗ್ರಂಥಿಗೆ ಹೊರಗೆ ಎಷ್ಟು ಎಣ್ಣೆ ಇದೆ ಎಂಬ ಸುದ್ದಿಯೇ ತಲುಪುವುದಿಲ್ಲ, ಅದು ತನ್ನ ಪಾಡಿಗೆ ಬಿಡುತ್ತಲೇ ಇರುತ್ತದೆ ಎಂದು ವಾದಿಸಿದರು. ಹೆಚ್ಚು ತೊಳೆದರೆ ಆಗುವ ಕೇಡು ಬೇರೆ: ಮೇಲ್ಪದರ ಒಣಗಿ ಬಿರಿಯುತ್ತದೆ, ಉರಿಯುತ್ತದೆ, ಔಷಧಿ ತಾಳದಂತಾಗುತ್ತದೆ. ಒಣಗಿದ ಚರ್ಮದ ಮೇಲೆಯೇ ಮತ್ತೆ ಎಣ್ಣೆ ಹರಡುವುದರಿಂದ ಹೆಚ್ಚಾದಂತೆ ಕಾಣುತ್ತದೆ.

ಚರ್ಮದಿಂದ ಎಣ್ಣೆ ಪೂರ್ತಿ ಹೋದರೆ ಏನಾಗುತ್ತದೆ ಎಂದು ನೋಡಬೇಕಾದರೆ ನಮ್ಮ ಜಿಲ್ಲೆಯಲ್ಲಿ ದೂರ ಹೋಗಬೇಕಿಲ್ಲ. ರಾಮನಗರದ ರೇಷ್ಮೆ ನೂಲು ಬಿಚ್ಚುವ ಘಟಕಗಳಲ್ಲಿ ಬಿಸಿನೀರಿನ ತೊಟ್ಟಿಗೆ ಕೈ ಇಟ್ಟು ದುಡಿಯುವ ಹೆಂಗಸರ ಬೆರಳು ನೋಡಿ. ಬೆಳ್ಳಗೆ ಸುಕ್ಕುಗಟ್ಟಿ, ಗೆಣ್ಣಿನ ಸಂದಿ ಬಿರಿದು, ರಾತ್ರಿ ಊಟಕ್ಕೆ ಕೂತರೆ ಸಾರಿನ ಖಾರ ತಾಗದಂತೆ ಚಮಚೆ ಹಿಡಿಯುವವರನ್ನು ಕಂಡಿದ್ದೇನೆ. ಅಂಗೈಯಲ್ಲಿ ಜಿಡ್ಡಿನ ಗ್ರಂಥಿ ಇಲ್ಲ, ಇದ್ದಬದ್ದ ಪಸೆಯನ್ನೂ ನೀರು ಎಳೆದುಕೊಂಡಿದೆ. ಆಮೇಲೆ ಅದೇ ರೇಷ್ಮೆ ನೂಲನ್ನು ಸೋಪು ಸೋಡಾ ಹಾಕಿ ಕುದಿಸುತ್ತಾರೆ. ತೂಕದಲ್ಲಿ ಕಾಲುಭಾಗದಷ್ಟು ಅಂಟು ಬಿಟ್ಟುಹೋಗಿ ನೂಲು ಮಿನುಗುತ್ತದೆ. ಜಾಹೀರಾತಿನಲ್ಲಿ ಹೇಳುವ ‘ರೇಷ್ಮೆಯಂಥ ಚರ್ಮ’ ನೆನಪಾಗಿ ನಗು ಬಂದಿದೆ.

ನಮ್ಮ ಎಣ್ಣೆಯ ಪರವಾಗಿ ಇಷ್ಟು ಹೇಳಿದ ಮೇಲೆ ವಿರುದ್ಧವಾಗಿಯೂ ಹೇಳಬೇಕು. 1970ರಲ್ಲಿ ಇದೇ ಕ್ಲಿಗ್‌ಮನ್ ಮತ್ತು ಜೊತೆಗಾರರು ತಲೆಗೆ ಜಿಡ್ಡಿನ ಪೊಮೇಡು ಹಚ್ಚುವ ಅಮೆರಿಕದ ಕಪ್ಪುಜನರ ಹಣೆ, ಕೆನ್ನೆಮೇಲ್ಭಾಗದಲ್ಲಿ ಸಾಲಾಗಿ ಏಳುವ ಸಣ್ಣ ಗುಳ್ಳೆಗಳನ್ನು ‘ಪೊಮೇಡ್ ಮೊಡವೆ’ ಎಂದು ಗುರುತಿಸಿದರು. ತಲೆಗೆ ಕೊಬ್ಬರಿ ಎಣ್ಣೆ ಸುರಿದು, ಎರಡು ಜಡೆ ಬಿಗಿದು, ಬಿಸಿಲಿನಲ್ಲಿ ಶಾಲೆಗೆ ನಡೆಯುವ ನಮ್ಮ ಹೆಣ್ಣುಮಕ್ಕಳ ಹಣೆಯಲ್ಲಿ ಕಾಣುವುದೂ ಅದೇ. ಕೊಬ್ಬರಿ ಎಣ್ಣೆ ಕೂದಲಿಗೆ ಒಳ್ಳೆಯದು, ಮೊಡವೆ ಮುಖಕ್ಕೆ ಅಲ್ಲ. ನಿಂಬೆಹಣ್ಣು ತಿಕ್ಕಿ ಬಿಸಿಲಿಗೆ ಹೋದರೆ ಸುಟ್ಟಂತೆ ಕಪ್ಪು ಕಲೆ ಬೀಳುತ್ತದೆ. ಮನೆಮದ್ದು ಎಂದ ಮಾತ್ರಕ್ಕೆ ನಿರಪಾಯ ಎಂದುಕೊಳ್ಳುವವರು ನಮ್ಮಲ್ಲಿ ಬಹಳ.

ಈಗ ನನ್ನ ಸೋದರಸೊಸೆಯ ವಿಷಯ. ಅವಳು ನಿಂಬೆಹಣ್ಣು, ಟೂತ್‌ಪೇಸ್ಟು, ಅಡುಗೆ ಸೋಡಾ ಎಲ್ಲ ಮುಗಿಸಿ ಟೌನಿನ ಔಷಧಿ ಅಂಗಡಿಯೊಂದಕ್ಕೆ ಹೋಗಿ ‘ಮೊಡವೆಗೆ ಏನಾದ್ರೂ ಕೊಡಿ’ ಎಂದು ಕೇಳಿದ್ದಾಳೆ. ಚೀಟಿ ಕೇಳದೆ ಒಂದು ಟ್ಯೂಬು ಕೊಟ್ಟಿದ್ದಾರೆ. ಹಚ್ಚಿದ ನಾಲ್ಕನೇ ದಿನಕ್ಕೆ ಮುಖ ನುಣ್ಣಗೆ, ಬೆಳ್ಳಗೆ. ಕಾಲೇಜಿನ ಗೆಳತಿಯರೂ ಅದನ್ನೇ ಕೊಂಡರು. ಮೂರು ತಿಂಗಳಿಗೆ ಕೆನ್ನೆಯ ಮೇಲೆ ಕೆಂಪು ನರಗಳು ಕಾಣಿಸಿದವು, ಬಿಸಿಲಿಗೆ ಹೋದರೆ ಉರಿ. ಎರಡು ದಿನ ಹಚ್ಚದೆ ಬಿಟ್ಟರೆ ಮುಖ ತುಂಬ ಕೀವು ಗುಳ್ಳೆ, ಹಚ್ಚಿದರೆ ಮಾಯ. ನಾನು ಊರಿಗೆ ಹೋದಾಗ ಟ್ಯೂಬು ನೋಡಿದೆ. ಸ್ಟಿರಾಯ್ಡ್ ಇತ್ತು.

ಇದು ಒಬ್ಬಳ ಕತೆಯಲ್ಲ. 2011ರಲ್ಲಿ ಭಾರತದ ಚರ್ಮವೈದ್ಯರು ಹಲವು ಊರುಗಳ ಆಸ್ಪತ್ರೆಗಳನ್ನು ಸೇರಿಸಿ ಪ್ರಕಟಿಸಿದ ಅಧ್ಯಯನದಲ್ಲಿ, ಮುಖದ ತೊಂದರೆಯೆಂದು ಬಂದ 2926 ಜನರಲ್ಲಿ 433 ಜನ ಇಂಥ ಸ್ಟಿರಾಯ್ಡ್ ಕ್ರೀಮುಗಳನ್ನು ಹಚ್ಚುತ್ತಿದ್ದರು. ಬಿಳಿಯಾಗಲು, ಮೊಡವೆ ಹೋಗಲಾಡಿಸಲು ಹಚ್ಚುವವರೇ ಬಹಳ. 2018ರಲ್ಲಿ ಕೇಂದ್ರ ಸರ್ಕಾರ ಹಲವು ಸ್ಟಿರಾಯ್ಡ್ ಕ್ರೀಮುಗಳನ್ನು ವೈದ್ಯರ ಚೀಟಿ ಇಲ್ಲದೆ ಮಾರಕೂಡದ ಪಟ್ಟಿಗೆ ಸೇರಿಸಿತು. ಸ್ಟಿರಾಯ್ಡ್ ಎಂಬುದು ಕೆಟ್ಟ ಔಷಧಿ ಏನಲ್ಲ, ಇಸುಬಿನಂಥ ಕಾಯಿಲೆಗೆ ವೈದ್ಯರು ಲೆಕ್ಕ ಹಾಕಿ ಕೊಡುತ್ತಾರೆ. ಮುಖಕ್ಕೆ ತಿಂಗಳುಗಟ್ಟಲೆ ಹಚ್ಚಿದರೆ ಚರ್ಮ ತೆಳುವಾಗುತ್ತದೆ, ಬಿಟ್ಟರೆ ತಿರುಗಿ ಬೀಳುತ್ತದೆ. ಸುಶ್ರುತನ ಸಣ್ಣ ಕಾಯಿಲೆ ಇಲ್ಲಿ ದೊಡ್ಡದಾಗುತ್ತದೆ.

ಚರ್ಮದ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. ಅವರು ಬೈಯಲಿಲ್ಲ. ‘ಎಷ್ಟು ಸಲ ಮುಖ ತೊಳೀತೀಯಮ್ಮ?’ ಅಂದರು. ‘ಆರೇಳು ಸಲ ಸಾರ್.’ ‘ಎರಡು ಸಲ ಸಾಕು. ಸೋಪು ಬೇಡ.’ ಸೌಮ್ಯವಾದ ಫೇಸ್‌ವಾಷು, ರಂಧ್ರ ಕಟ್ಟದ ತೆಳು ಮಾಯಿಶ್ಚರೈಸರು, ಹಗಲಿಗೆ ಜೆಲ್ಲಿನಂಥ ಸನ್‌ಸ್ಕ್ರೀನು. ಚರ್ಮ ಶಾಂತವಾದ ಮೇಲೆ ರಾತ್ರಿ ಕಡಲೆಕಾಳಿನಷ್ಟು ಅಡಪಲೀನ್, ಗುಳ್ಳೆ ಇರುವಲ್ಲಿ ಬೆನ್ಜಾಯಿಲ್ ಪೆರಾಕ್ಸೈಡ್. ಎಣ್ಣೆಮುಖಕ್ಕೆ ಮತ್ತೆ ಮಾಯಿಶ್ಚರೈಸರು ಯಾಕೆ ಎಂದು ಅವಳು ಕೇಳಿದಳು. ಒಣಗಿರುವುದು ಚರ್ಮ, ಎಣ್ಣೆ ಬಿಡುವುದು ಗ್ರಂಥಿ, ಎರಡೂ ಬೇರೆ ಎಂದು ಅವರು ಚೀಟಿಯ ಹಿಂದೆ ಚಿತ್ರ ಬರೆದು ತೋರಿಸಿದರು. ಮಾಸಿಕ ಸ್ರಾವ ಸರಿಯಾಗಿದೆಯೇ, ಗಲ್ಲದಲ್ಲಿ ಕೂದಲು ಬರುತ್ತಿದೆಯೇ ಎಂದೂ ಕೇಳಿದರು. ಪಿಸಿಓಡಿ ಇದ್ದರೆ ಜಿಡ್ಡೂ ಮೊಡವೆಯೂ ಹೆಚ್ಚಂತೆ. ಸಿಹಿತಿಂಡಿ, ತಂಪುಪಾನೀಯ ಕಡಿಮೆ ಮಾಡಲು ಹೇಳಿದರು.

ಮೊದಲ ಎರಡು ತಿಂಗಳು ಘೋರ. ಸ್ಟಿರಾಯ್ಡ್ ಬಿಟ್ಟದ್ದರ ಸೇಡು ಮುಖದ ಮೇಲೆ ತೀರಿತು. ಅವಳು ದುಪಟ್ಟಾ ಸುತ್ತಿಕೊಂಡು ಬಸ್ಸು ಹತ್ತುತ್ತಿದ್ದಳು. ಅತ್ತಿಗೆ ಫೋನು ಮಾಡಿ ‘ಆ ಟ್ಯೂಬೇ ವಾಸಿ ಇತ್ತಲ್ಲವ್ವ, ಒಂದ್ ಮದುವೆ ಮುಗಿಯೋವರ್ಗಾದ್ರೂ ಹಚ್ಲಿ ಬಿಡು’ ಅಂದರು. ಹುಡುಗಿಯೇ ಒಪ್ಪಲಿಲ್ಲ. ಐದನೇ ತಿಂಗಳಿಗೆ ಕೀವು ನಿಂತು ಕಲೆ ಉಳಿಯಿತು, ಕೆಂಪು ನರ ಇನ್ನೂ ಪೂರ್ತಿ ಹೋಗಿಲ್ಲ. ಮಧ್ಯಾಹ್ನದ ಹೊತ್ತಿಗೆ ಮೂಗಿನ ಮೇಲೆ ಎಣ್ಣೆ ಈಗಲೂ ಇಳಿಯುತ್ತದೆ, ಕರವಸ್ತ್ರದಿಂದ ಒತ್ತಿಕೊಳ್ಳುತ್ತಾಳೆ.

ಕಳೆದ ದೀಪಾವಳಿಗೆ ಅಲ್ಲೇ ಇದ್ದೆ. ಹಂಡೆಯ ಜಾಗದಲ್ಲಿ ಸೋಲಾರಿನ ನಲ್ಲಿ ಇದೆ, ಆದರೂ ಅತ್ತಿಗೆ ಹಿಂದಿನ ರಾತ್ರಿ ಒಂದು ಬಿಂದಿಗೆಗಾದರೂ ನೀರು ತುಂಬಿ ಹೂವು ಸುತ್ತಿಟ್ಟಿದ್ದರು. ಬೆಳಿಗ್ಗೆ ಎಣ್ಣೆ ಬಟ್ಟಲು ಹಿಡಿದು ಬಂದಾಗ ಮಗಳು ಹಣೆಗೆ ಅಡ್ಡಲಾಗಿ ಟವೆಲು ಬಿಗಿದು ಕೂತಳು. ‘ನೆತ್ತಿಗೆ ಎಷ್ಟ್ ಬೇಕಾದ್ರೂ ಹಾಕವ್ವ, ಟವಲಿಂದ ಕೆಳಕ್ಕೆ ಇಳೀಬಾರ್ದು’ ಅಂದಳು. ಅತ್ತಿಗೆ ಗೊಣಗುತ್ತಲೇ ತಟ್ಟಿದರು. ಆಮೇಲೆ ನೋಡಿದರೆ ಬಚ್ಚಲ ಗೂಡಿನಲ್ಲಿ ಡಾಕ್ಟರು ಬರೆದ ಫೇಸ್‌ವಾಷಿನ ಪಕ್ಕ ಚನ್ನಪಟ್ಟಣದ ಸಂತೆಯಿಂದ ತಂದ ಸೀಗೆಪುಡಿ ಪೊಟ್ಟಣ ಇತ್ತು, ಅರ್ಧ ಖಾಲಿಯಾಗಿ.